ಕರಡಿಯ ಬಾಣಂತನ

ಆಕಳು ಗಬ್ಬ ಆಗಿದೆಯೋ ಇಲ್ಲವೋ ಎಂಬುದನ್ನು ಎರಡು-ಮೂರು ತಿಂಗಳಿಗೇ ಕೈ ಹಾಕಿ ನೋಡಿ ಹೇಳಬಹುದು. ಮುಂಡರಗಿ, ರೋಣದ ಕಡೆಯ ದವಾಖಾನೆಗಳಲ್ಲಿದ್ದಾಗ ಬೆಳಗಾದರೆ ನನಗೆ ಅದೇ ಕೆಲಸ. ಮೊಣಕೈ ದಾಟುವವರೆಗೆ ಸಾಬೂನು ಸವರಿಕೊಂಡು ನಿಂತರೆ ಒಂದಾದ ಮೇಲೊಂದು ಎಮ್ಮೆ, ಆಕಳು. ಹಗ್ಗ ಹಿಡಿದ ರೈತ ಆಕಳನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. 'ಐತಿ' ಅಂದರೆ ಜೇಬಿನಿಂದ ಎಲೆ-ಅಡಿಕೆ ಹೊರಬರುತ್ತಿತ್ತು. 'ಇಲ್ಲ' ಅಂದರೆ ಒಂದು ಮಾತೂ ಇಲ್ಲದೆ ಹಗ್ಗ ಜಗ್ಗಿಕೊಂಡು ಹೊರಟುಬಿಡುತ್ತಿದ್ದ. ಹಲವು ವರ್ಷ ಇದನ್ನೇ ಮಾಡಿ ಕೈಗೆ ಒಂದು ಗರ್ವ ಬಂದಿತ್ತು. ಆಮೇಲೆ ಪಶುಸಂಗೋಪನೆ ಇಲಾಖೆಯವರು ನಿಯೋಜನೆಯ ಮೇಲೆ ನನ್ನನ್ನು ಒಂದು ಮೃಗಾಲಯಕ್ಕೆ ಕಳಿಸಿದರು. ಅಲ್ಲಿಯ ಮೊದಲ ಚಳಿಗಾಲದಲ್ಲಿ, 'ಇದು ಗಬ್ಬ ಐತೇನು ನೋಡಿ ಹೇಳಿ' ಎಂದು ನನ್ನ ಮುಂದೆ ತೋರಿಸಿದ್ದು ಒಂದು ಹೆಣ್ಣು ಕರಡಿ. ಅದಕ್ಕೆ ಎಲ್ಲಿ ಕೈ ಹಾಕುವುದು?

ಕರಡಿಯ ಬಸಿರಿನ ಲೆಕ್ಕ ದನದ ಲೆಕ್ಕವಲ್ಲ. ಬೇಸಿಗೆಯ ಕೊನೆಗೆ, ಮುಂಗಾರು ಹಿಡಿಯುವ ಹೊತ್ತಿಗೆ ಗಂಡು-ಹೆಣ್ಣು ಕೂಡುತ್ತವೆ. ಆದರೆ ಫಲಿತ ಅಂಡ ಕೂಡಲೇ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ತೇಲಿಕೊಂಡಿರುತ್ತದೆ. ಮಳೆಗಾಲದಲ್ಲಿ ತಾಯಿ ತಿಂದು ಮೈ ಕಟ್ಟಿಕೊಂಡ ಮೇಲೆ ಅದು ಬೆಳೆಯತೊಡಗುತ್ತದೆ. ಒಟ್ಟು ಆರೇಳು ತಿಂಗಳು ಎಂದು ಪುಸ್ತಕ ಹೇಳಿದರೂ ನಿಜವಾದ ಬೆಳವಣಿಗೆ ಕೊನೆಯ ಎರಡು ತಿಂಗಳದ್ದು. ನವೆಂಬರಿನಿಂದ ಜನವರಿಯೊಳಗೆ ಹುಟ್ಟುವ ಮರಿ ಅರ್ಧ ಕಿಲೋದ ಆಸುಪಾಸು, ಕಣ್ಣು ಬಿಟ್ಟಿರುವುದಿಲ್ಲ. ಎಂಬತ್ತು ಕಿಲೋ ತೂಗುವ ತಾಯಿಯ ಹೊಟ್ಟೆಯಲ್ಲಿ, ಅದೂ ಗೇಣುದ್ದದ ಕರಿಗೂದಲ ಹಿಂದೆ, ಅರ್ಧ ಕಿಲೋ ಏನು ಕಂಡೀತು? ಸ್ಕ್ಯಾನ್ ಮಾಡಬೇಕೆಂದರೆ ಮದ್ದು ಚುಚ್ಚಿ ಮಲಗಿಸಬೇಕು. ಬಸಿರಿದ್ದರೆ ಆ ಮದ್ದೇ ಕೇಡು.

ಇಷ್ಟೆಲ್ಲ ನಾನು ಓದಿ ತಿಳಿದದ್ದು. ಕರಡಿ ಮನೆಯ ಕೀಪರ್‌ಗೆ ಇದಾವುದೂ ಬೇಕಿರಲಿಲ್ಲ. ಆತ ಮೈಸೂರು ಸೀಮೆಯವನು, ವಯಸ್ಸಿನಲ್ಲಿ ನನಗಿಂತ ಹಿರಿಯ, ಅಪ್ಪನ ಕಾಲದಿಂದಲೂ ಪ್ರಾಣಿಗಳ ಚಾಕರಿ ಮಾಡಿದ ಮನೆತನ. ಹೆಣ್ಣು ಕರಡಿಯನ್ನು 'ಮೇಡಂ' ಎಂದೇ ಕರೆಯುತ್ತಿದ್ದ. ಕರಡಿಗಳಿಗೆ ಅಲ್ಲಿ ರಾಗಿ ಹಿಟ್ಟನ್ನು ಹಾಲು-ಬೆಲ್ಲದಲ್ಲಿ ಬೇಯಿಸಿ, ಮೊಟ್ಟೆ ಒಡೆದು ಹಾಕಿ, ಮುದ್ದೆಗೂ ಗಂಜಿಗೂ ನಡುವಿನ ಒಂದು ಪಾಕ ಮಾಡಿ ಕೊಡುತ್ತಿದ್ದೆವು. ಜೊತೆಗೆ ಕಲ್ಲಂಗಡಿ, ಬಾಳೆ, ಸೀತಾಫಲ ಸಿಕ್ಕಾಗ ಸೀತಾಫಲ. ಒಂದು ದಿನ ಬೆಳಿಗ್ಗೆ ಆತ ತಟ್ಟೆ ಹಿಡಿದುಕೊಂಡು ಬಂದ. "ಸಾರ್, ಮೇಡಂ ಅರ್ಧಕ್ಕರ್ಧ ಬಿಟ್ಟವ್ರೆ. ರಾತ್ರಿಯಿಂದ ಹುಲ್ಲೆಲ್ಲ ಮೂಲೆಗೆ ಎಳ್ಕೋತಾವ್ರೆ. ಇನ್ನು ನಾವು ಬಾಗ್ಲು ಹಾಕ್ಕೊಂಡು ಈಚೆ ಇರೋದು ವಾಸಿ." ನಾನು ಪರೀಕ್ಷೆ ಎಂದು ಕರೆಯುವುದನ್ನು ಆತ ಒಂದು ತಟ್ಟೆ ನೋಡಿ ಮುಗಿಸಿದ್ದ.

ಆ ವರ್ಷ ಮಾತ್ರ ಬಾಗಿಲು ಹಾಕಿಕೊಂಡಿರಲು ನಮ್ಮಿಂದ ಆಗಲಿಲ್ಲ. ಮರಿ ಹಾಕಿದ ಸುದ್ದಿ ಗೇಟು ದಾಟಿ ಹೋಯಿತು. ಅದು ಯಾವ ಮೃಗಾಲಯ, ನೋಡಲೇಬೇಕೆಂದು ಹಟ ಹಿಡಿದು ಬಂದವರು ಯಾರು ಎಂಬುದೆಲ್ಲ ಇಲ್ಲಿ ಬೇಡ. ಅವರಲ್ಲಿ ಬಹಳ ಜನ ಈಗ ಇಲ್ಲ. ಬಂದವರು ಕೆಟ್ಟವರೂ ಅಲ್ಲ. ಹೆಂಡಂದಿರನ್ನು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು, ಯಾರೋ ಒಬ್ಬರು ಹಣ್ಣಿನ ಬುಟ್ಟಿಯನ್ನೂ ತಂದಿದ್ದರು. ಟಾರ್ಚಿನ ಬೆಳಕು ಕಂಬಿಯ ಸಂದಿನಿಂದ ಒಳಗೆ ಬಿದ್ದಾಗ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಓಡಾಡತೊಡಗಿತು. ಜನ ಹೋದ ಮೇಲೂ ಅದರ ಓಡಾಟ ನಿಲ್ಲಲಿಲ್ಲ. ಬೆಳಗಿನ ಜಾವಕ್ಕೆ ಎರಡೂ ಮರಿ ಉಳಿದಿರಲಿಲ್ಲ. ಮರಣೋತ್ತರ ಪರೀಕ್ಷೆಗೆ ನನ್ನ ಮೇಜಿನ ಮೇಲೆ ಬಂದದ್ದು ಒಂದೇ. ಇನ್ನೊಂದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ, ಕೀಪರ್ ಹೇಳಲೂ ಇಲ್ಲ.

ಇದು ನಮ್ಮಲ್ಲಿ ಮಾತ್ರ ಆಗುವ ಸಂಗತಿಯಲ್ಲ. 2013ರ ಡಿಸೆಂಬರ್ ಕೊನೆಗೆ ವಾಷಿಂಗ್ಟನ್ನಿನ ನ್ಯಾಷನಲ್ ಜೂನಲ್ಲಿ ಖಾಲಿ ಎಂಬ ಕರಡಿ, ನಮ್ಮ ಕರಡಿಯದೇ ಜಾತಿಯದು, ಮೂರು ಮರಿ ಹಾಕಿತು. ಹುಟ್ಟಿದ ಸ್ವಲ್ಪ ಹೊತ್ತಿಗೇ ಒಂದನ್ನು ತಿಂದಿತು. ವಾರದ ಮೇಲೆ ಇನ್ನೊಂದನ್ನೂ ತಿಂದಿತು. ಉಳಿದ ಹೆಣ್ಣು ಮರಿಯನ್ನು ಅಲ್ಲಿಯ ಕೀಪರ್‌ಗಳು ತೆಗೆದುಕೊಂಡು ಸರದಿಯ ಮೇಲೆ ಹಗಲೂ ರಾತ್ರಿ ಎತ್ತಿಕೊಂಡು ಬೆಳೆಸಿದರು. ಅಲ್ಲಿ ಟಾರ್ಚು ಹಿಡಿದು ಹೋದವರು ಯಾರೂ ಇರಲಿಲ್ಲ. ಗೂಡಿನೊಳಗೆ ಕ್ಯಾಮರಾ ಇತ್ತು, ನೋಡುವವರು ದೂರದಲ್ಲಿ ಪರದೆಯ ಮುಂದೆ ಕೂತಿದ್ದರು. ಮರಿಗೆ ಬೇನೆ ಇದ್ದರೆ, ಅದು ಬದುಕಲಾರದು ಎಂದು ಅನಿಸಿದರೆ ತಾಯಿ ಹಾಗೆ ಮಾಡುವುದುಂಟು. ಆದ್ದರಿಂದ ನಮ್ಮಲ್ಲಿ ಆದದ್ದಕ್ಕೆಲ್ಲ ಟಾರ್ಚೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ರಾತ್ರಿಯ ಓಡಾಟ ನೋಡಿದವನಿಗೆ ಬೇರೆ ಕಾರಣ ಹುಡುಕುವ ಮನಸ್ಸಾಗುವುದಿಲ್ಲ.

ರಜೆಗೆ ಸೊರಟೂರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ನಮ್ಮೂರು ಗದಗಿನ ದಕ್ಷಿಣಕ್ಕೆ, ಎರಿ ಹೊಲಗಳ ನಡುವೆ, ಪೂರ್ವಕ್ಕೆ ಕಪ್ಪತಗುಡ್ಡದ ಸಾಲು. ಚರಿತ್ರೆಯ ಪುಸ್ತಕದಲ್ಲಿ ಊರ ಹೆಸರು ಬರುವುದು ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಇಲ್ಲಿ ಸೋಲಿಸಿದ ಅಂತ. ಹನ್ನೆರಡನೆಯ ಶತಮಾನದ ಕೊನೆಯ ಆ ಕಾಳಗದ ಬಗ್ಗೆ ಊರವರಿಗೆ ಈಗ ದೊಡ್ಡ ಹೆಮ್ಮೆಯೂ ಇಲ್ಲ, ದುಃಖವೂ ಇಲ್ಲ. ಅವ್ವ ಕಡಲಿ ಹಸನು ಮಾಡುತ್ತ ಕೂತವಳು ತಲೆ ಎತ್ತಲಿಲ್ಲ. "ಬಾಣಂತಿ ಖೋಲಿಗೆ ಗಂಡಸರನ ಬಿಟ್ಟೀರಿ? ಅದೂ ಲೈಟ್ ಹಿಡಕೊಂಡ? ನಿಮಗ ಯಾರರೆ ಹಿರಿಯಾರು ಇದ್ದಿದ್ದಿಲ್ಲೇನ ಅಲ್ಲೆ?" ಅಂದಳು. ನಮ್ಮ ಮನೆಯ ನಡುಮನೆಗೆ ಹೊಂದಿದ ಒಂದು ಕತ್ತಲೆ ಖೋಲಿ ನೆನಪಾಯಿತು. ಅಕ್ಕಂದಿರು ಹೆರಿಗೆಗೆ ಬಂದಾಗ ಅದರ ಕಿಡಕಿಗೆ ಗೋಣಿಚೀಲ ಬೀಳುತ್ತಿತ್ತು, ಹೊರಸಿನ ಕೆಳಗೆ ಕೆಂಡ, ಬಾಗಿಲ ಹೊಸ್ತಿಲಲ್ಲಿ ಅವ್ವ. ಅಪ್ಪನಿಗೂ ಒಳಗೆ ಪ್ರವೇಶವಿರಲಿಲ್ಲ. ಕೂಸನ್ನು ನೋಡಲು ಬಂದ ಬೀಗರು ಪಡಸಾಲೆಯಲ್ಲೇ ಚಹಾ ಕುಡಿದು ಹೋಗುತ್ತಿದ್ದರು. ದೃಷ್ಟಿ ತಾಗುತ್ತದೆ ಎಂಬ ಅವ್ವನ ಕಾರಣವನ್ನು ನಾನು ಒಪ್ಪದಿರಬಹುದು. ವ್ಯವಸ್ಥೆ ಮಾತ್ರ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನನಗೆ ಯಾರೂ ಕಲಿಸದ್ದು.

ಮುಂದಿನ ಮಳೆಗಾಲದಲ್ಲೇ ಕೀಪರೂ ನಾನೂ ಕೂತು ಒಂದು ಗೂಡಿನ ನಕ್ಷೆ ಬರೆದೆವು. ಹಳೆಯ ಕರಡಿ ಮನೆಗಳು ಇದ್ದದ್ದೇ ಜನ ನೋಡಲಿಕ್ಕೆ. ಸಿಮೆಂಟಿನ ಗುಂಡಿ, ಸುತ್ತ ಕಟಾಂಜನ, ರಾತ್ರಿಗೆ ಕಂಬಿ ಬಾಗಿಲಿನ ಒಂದು ಕೋಣೆ. ಕಂಬಿಯ ಬಾಗಿಲೆಂದರೆ ಕರಡಿಗೆ ಬಾಗಿಲೇ ಅಲ್ಲ, ಅದು ಗಾಳಿ ಬೆಳಕು ಮನುಷ್ಯರ ವಾಸನೆ ಎಲ್ಲವನ್ನೂ ಒಳಗೆ ಬಿಡುತ್ತದೆ. ಕಾಡಿನಲ್ಲಿ ಅದು ಬಂಡೆಗಳ ಸಂದಿಯನ್ನೋ, ತಾನೇ ತೋಡಿದ ಬಿಲವನ್ನೋ ಹುಡುಕಿಕೊಳ್ಳುತ್ತದೆ. ಒಳಗೆ ಹೊಕ್ಕರೆ ಮೊದಲ ಕೆಲವು ದಿನ ಅನ್ನ-ನೀರಿಗೂ ಹೊರಬರುವುದಿಲ್ಲ. ಆದ್ದರಿಂದ ಕೋಣೆಯ ಒಂದು ಮೂಲೆಗೆ ದಪ್ಪ ಗೋಡೆ ಕಟ್ಟಿಸಿ, ಕರಡಿ ಬಗ್ಗಿ ಹೋಗುವಷ್ಟು ಕಂಡಿ ಬಿಟ್ಟು, ಮೇಲೆ ತಗ್ಗು ಚಾವಣಿ ಹಾಕಿಸಿದೆವು. ಒಳಗೆ ಒಣ ಹುಲ್ಲು, ಮರಳು. ಎಸ್ಟಿಮೇಟ್ ಮಂಜೂರು ಮಾಡಿದ ಇಂಜಿನಿಯರ್ ಒಂದೇ ಪ್ರಶ್ನೆ ಕೇಳಿದ: "ಒಳಗೆ ನೋಡೋಕೆ ಕಿಟಕಿ ಎಲ್ಲಿ ಸಾರ್?" ಕಿಟಕಿ ಇಲ್ಲ ಎಂದಾಗ ಆತ ಅದು ನಕ್ಷೆಯಲ್ಲಿ ಬಿಟ್ಟುಹೋಗಿದೆ ಎಂದುಕೊಂಡು ಪೆನ್ಸಿಲಿನಲ್ಲಿ ಒಂದನ್ನು ಬರೆದು ಕೊಟ್ಟ. ಅದನ್ನು ಅಳಿಸಲು ಮತ್ತೆ ಒಂದು ಪತ್ರವ್ಯವಹಾರ ಬೇಕಾಯಿತು.

ಗಂಡನ್ನು ಮೊದಲೇ ಬೇರೆ ಮಾಡಿದೆವು. ದೀಪಾವಳಿ ದಾಟಿದ ಮೇಲೆ ಮೇಡಂ ತಟ್ಟೆ ಬಿಡಲು ಶುರು ಮಾಡಿದರು, ಒಂದು ದಿನ ಕಂಡಿಯೊಳಗೆ ಹೋದವರು ಬರಲಿಲ್ಲ. ಕೀಪರ್ ನೀರಿನ ತೊಟ್ಟಿಯನ್ನು ಕಂಡಿಯ ಹತ್ತಿರ ಸರಿಸಿಟ್ಟು, ಪೊರಕೆ-ಫಿನಾಯಿಲಿಗೆಲ್ಲ ರಜೆ ಕೊಟ್ಟ. ವಾರಗಟ್ಟಲೆ ಕೋಣೆ ತೊಳೆಯುವಂತಿಲ್ಲ. ಮೇಲಿನವರು ತಪಾಸಣೆಗೆ ಬಂದರೆ ವಾಸನೆಗೆ ಉತ್ತರ ಕೊಡಬೇಕಾದವನು ನಾನು. ಪ್ರತಿದಿನ ಒಬ್ಬನೇ ಮನುಷ್ಯ, ಒಂದೇ ಹೊತ್ತಿಗೆ, ಅದೇ ಖಾಕಿ ಅಂಗಿ ಹಾಕಿಕೊಂಡು ಹೋಗಬೇಕು ಎಂಬುದು ಆತನೇ ಮಾಡಿಕೊಂಡ ಕಾಯ್ದೆ. ಮಗಳ ಮದುವೆ ಮಾತುಕತೆಗೂ ಆತ ಊರಿಗೆ ಹೋಗಲಿಲ್ಲ. ಬೀಗರನ್ನೇ ಕ್ವಾರ್ಟರ್ಸಿಗೆ ಕರೆಸಿಕೊಂಡ.

ಒಂದು ಸಂಜೆ ಬಂದು ಮಾತಾಡದೆ ನನ್ನ ತೋಳು ಹಿಡಿದು ಕರೆದುಕೊಂಡು ಹೋದ. ಹೊರಗಿನ ಗೋಡೆಗೆ ಕಿವಿ ಇಡಲು ಸನ್ನೆ ಮಾಡಿದ. ಮೊದಲು ನನ್ನ ರಕ್ತದ ಸದ್ದೇ ಕೇಳಿಸಿತು. ಆಮೇಲೆ ಅದರ ಹಿಂದೆ ಒಂದು ಗುಂಯ್‌ಗುಡುವ ದನಿ, ಬಿಟ್ಟು ಬಿಟ್ಟು. ಕರಡಿಗಳು ಅಂಗೈ ಚೀಪುತ್ತ ಕೂತಾಗ ಹೀಗೆ ಗುಂಯ್‌ಗುಡುವುದನ್ನು ಕೇಳಿದ್ದೆ. ಅದು ದಪ್ಪ ದನಿ. ಇದು ಸಣ್ಣದು, ಮೊಲೆ ಕುಡಿಯುವ ಮರಿಗಳದು. "ಒಂದಾ ಎರಡಾ?" ಎಂದು ಬೆರಳಲ್ಲಿ ಕೇಳಿದೆ. ಎರಡು ಬೆರಳು ತೋರಿಸಿದ. ಗೋಡೆಯಾಚೆಯಿಂದ ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಒಂದು ನಿಂತಾಗ ಇನ್ನೊಂದು ನಿಲ್ಲುವುದಿಲ್ಲವಲ್ಲ ಎಂದ. ಆ ದಿನದ ರಿಜಿಸ್ಟರಿನಲ್ಲಿ 'ಜನನ: 2, ಲಿಂಗ: ತಿಳಿದಿಲ್ಲ, ತೂಕ: ತಿಳಿದಿಲ್ಲ' ಎಂದು ಬರೆದೆ. ಮೇಲಧಿಕಾರಿ ಅದಕ್ಕೆ ಕೆಂಪು ಶಾಯಿಯಲ್ಲಿ 'ಯಾಕೆ ತಿಳಿದಿಲ್ಲ?' ಎಂದು ಷರಾ ಬರೆದರು. ಅದಕ್ಕೆ ಉತ್ತರ ಬರೆಯದೆ ಜನವರಿಯವರೆಗೆ ದಬ್ಬಿದ್ದು ನನ್ನ ನೌಕರಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ಈಗಲೂ ಅಂದುಕೊಂಡಿದ್ದೇನೆ.

ಮರಿಗಳ ಕಣ್ಣು ತೆರೆಯಲು ಮೂರು ವಾರವಾದರೂ ಬೇಕು, ಗೂಡು ಬಿಟ್ಟು ಈಚೆ ಬರಲು ಎರಡು ಮೂರು ತಿಂಗಳು. ನಾವು ಮರಿಗಳನ್ನು ಕಣ್ಣಾರೆ ಕಂಡದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಮೇಡಂ ಬಗ್ಗಿ ಕಂಡಿಯಿಂದ ಹೊರಬಂದರು. ಎದೆಯ ಬಿಳಿ ಗುರುತು ಕೊಳೆಯಾಗಿ ಮಾಸಿತ್ತು, ಪಕ್ಕೆ ಇಳಿದಿತ್ತು. ಬೆನ್ನ ಮೇಲೆ, ಭುಜದ ಹತ್ತಿರ ಕೂದಲು ಜಡೆಗಟ್ಟಿದ ಜಾಗದಲ್ಲಿ, ಎರಡು ಕರಿ ಮುದ್ದೆಗಳು ಉಗುರು ಊರಿ ಕೂತಿದ್ದವು. ಜಗತ್ತಿನ ಎಂಟು ಜಾತಿ ಕರಡಿಗಳಲ್ಲಿ ಮರಿಯನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದು ರೂಢಿಯಾಗಿರುವುದು ನಮ್ಮ ಕರಡಿಗೆ ಮಾತ್ರ. ಹುಲಿ, ಚಿರತೆ, ಇನ್ನೊಂದು ಕರಡಿ ಎದುರಾಗುವ ಬಯಲು ಸೀಮೆಯ ಕಾಡಿನಲ್ಲಿ ಹತ್ತಿ ಕೂರಲು ಮರ ಎಲ್ಲಿದೆ ಎಂದು ಹುಡುಕುವುದಕ್ಕಿಂತ ತಾಯಿಯ ಬೆನ್ನೇ ಸನಿಹ. ಆರೇಳು ತಿಂಗಳು ಅಲ್ಲೇ ವಾಸ. ಆಮೇಲೂ ಎರಡು ವರ್ಷದವರೆಗೆ ತಾಯಿಯ ಹಿಂದೆಯೇ.

ಆ ಬೆನ್ನ ಮೇಲಿನ ಸವಾರಿಯೇ ನಮ್ಮ ಬಾಲ್ಯದ ಕರಡಿಗಳಿಗೆ ಮುಳುವಾಗಿದ್ದು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಸುಗ್ಗಿ ಮುಗಿದ ಮೇಲೆ ಸೊರಟೂರಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಡಮರು ಕೇಳಿದರೆ ಸಾಲಿಯ ಮಾಸ್ತರೂ ನಮ್ಮನ್ನು ತಡೆಯುತ್ತಿರಲಿಲ್ಲ. ಹೆದರಿ ರಾತ್ರಿ ಚೀರುವ ಹುಡುಗರನ್ನು ಕರಡಿಯ ಮೇಲೆ ಕೂರಿಸುತ್ತಿದ್ದರು, ನನ್ನನ್ನೂ ಕೂರಿಸಿದ್ದರಂತೆ. ಕೂದಲು ಕಿತ್ತು ತಾಯಿತದಲ್ಲಿ ಹಾಕಿ ಕೊಟ್ಟರೆ ನಾಲ್ಕಾಣೆ, ಒಂದು ಮರ ಜೋಳ. ಕರಡಿ ಹಿಂಗಾಲ ಮೇಲೆ ನಿಂತು ತೂಗುತ್ತಿತ್ತು, ನಾವು ಅದನ್ನು ಕುಣಿತ ಅಂದುಕೊಂಡಿದ್ದೆವು. ಮೂತಿಯಲ್ಲಿ ತೂರಿಸಿದ ಹಗ್ಗ ನಮಗೆ ಕಾಣದೆ ಇರಲಿಲ್ಲ. ಎತ್ತಿಗೆ ಮೂಗುದಾರ ಇದ್ದೇ ಇರುತ್ತದಲ್ಲ, ಅದರಲ್ಲಿ ನೋಡುವಂಥದ್ದೇನು ಎಂದು ಯಾರೂ ನೋಡಲಿಲ್ಲ.

ತಾಯಿಯ ಬೆನ್ನಿಗೆ ಅಂಟಿಕೊಂಡಿರುವ ಮರಿಗಳು ಆಡಿಸುವವರ ಕೈಗೆ ಸಿಗುತ್ತಿದ್ದದ್ದು ಆ ತಾಯಿಯನ್ನು ಕೊಂದ ಮೇಲೆ. ಕಾಯಿಸಿದ ದಬ್ಬಳದಿಂದ ಮೂತಿ ಚುಚ್ಚಿ ಹಗ್ಗ ಎಳೆಯುತ್ತಿದ್ದರು, ಕೋರೆಹಲ್ಲು ಮುರಿಯುತ್ತಿದ್ದರು. ಕರಡಿ ಆಡಿಸುತ್ತಿದ್ದ ಕಲಂದರ್ ಜನಾಂಗದ ಮೇಲೆ ಇದನ್ನೆಲ್ಲ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಅವರಿಗೆ ಹೊಲವಿರಲಿಲ್ಲ, ಜೋಳ ಕೊಡುತ್ತಿದ್ದವರು ನಾವು. 1972ರ ವನ್ಯಜೀವಿ ಕಾಯ್ದೆ, 1998ರ ಕೇಂದ್ರದ ಅಧಿಸೂಚನೆ ಎಲ್ಲ ಬಂದರೂ ಕರಡಿಗಳನ್ನು ಬಿಡಿಸಿ ತಂದರೆ ಇಡುವುದೆಲ್ಲಿ ಎಂಬ ಪ್ರಶ್ನೆ ಹಾಗೇ ಇತ್ತು. ಆಗ್ರಾದ ಕರಡಿ ರಕ್ಷಣಾ ಕೇಂದ್ರಕ್ಕೆ 2002ರಲ್ಲಿ ಮೊದಲ ಕರಡಿಗಳು ಬಂದವು. ಬನ್ನೇರುಘಟ್ಟದಲ್ಲಿ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಮತ್ತು ಅರಣ್ಯ ಇಲಾಖೆ ಸೇರಿ 2005ರಲ್ಲಿ ಕೇಂದ್ರ ತೆರೆದವು. ಕರಡಿ ಒಪ್ಪಿಸಿದ ಕುಟುಂಬಗಳಿಗೆ ಆಟೋ, ಅಂಗಡಿ, ಹೊಲಿಗೆ ಯಂತ್ರ, ಮಕ್ಕಳ ಶಾಲೆ ಎಂದು ಬೇರೆ ದಾರಿ ಮಾಡಿಕೊಟ್ಟದ್ದರಿಂದ ಕೆಲಸ ನಡೆಯಿತು. ಆ ರೀತಿ ಬಂದ ಆರುನೂರಕ್ಕೂ ಹೆಚ್ಚು ಕರಡಿಗಳಲ್ಲಿ ಕೊನೆಯದಾದ ರಾಜು 2009ರ ಡಿಸೆಂಬರಿನಲ್ಲಿ ಬಂದದ್ದು ನಮ್ಮ ಕರ್ನಾಟಕದಲ್ಲೇ, ಸೇರಿದ್ದೂ ಬನ್ನೇರುಘಟ್ಟವನ್ನೇ.

ಅಲ್ಲಿಗೆ ಒಮ್ಮೆ ಹೋಗಿದ್ದೆ. ಹಗ್ಗ ತೆಗೆದು ವರ್ಷಗಳಾದರೂ ಕೆಲವು ಕರಡಿಗಳು ನಿಂತಲ್ಲೇ ತೂಗುತ್ತಿದ್ದವು. ಕುರುಡಾದವು ಇದ್ದವು. ಅವುಗಳಿಗೆ ಟೊಳ್ಳು ಮರದ ತುಂಡಿನಲ್ಲಿ ಜೇನು ಸವರಿ, ಒಳಗೆ ಖರ್ಜೂರ ತುರುಕಿ ಕೊಡುತ್ತಿದ್ದರು. ಮೇಲಿನ ದವಡೆಯ ಮುಂದಿನ ಎರಡು ಹಲ್ಲು ಈ ಕರಡಿಗಳಿಗೆ ಹುಟ್ಟಿನಿಂದಲೇ ಇರುವುದಿಲ್ಲ. ತುಟಿ ಕೊಳವೆಯಂತೆ ಮಾಡಿ, ಮೂಗಿನ ಹೊಳ್ಳೆ ಮುಚ್ಚಿ, ಆ ಸಂದಿನಿಂದ ಗೆದ್ದಲನ್ನು ಎಳೆದುಕೊಳ್ಳುವುದಕ್ಕೆ ಇರುವ ಏರ್ಪಾಡು ಅದು. ಕಾಡಿನಲ್ಲಿ ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಕೋರೆಹಲ್ಲು ಕಳೆದುಕೊಂಡವೂ ಜೇನನ್ನು ಮಾತ್ರ ಸರಾಗ ಹೀರುತ್ತಿದ್ದವು. ಇಂಥ ಕೇಂದ್ರಗಳಲ್ಲಿ ಸಂತಾನಕ್ಕೆ ಅವಕಾಶವಿಲ್ಲ. ಬಂದವುಗಳನ್ನು ಕೊನೆತನಕ ನೋಡಿಕೊಳ್ಳುವುದಷ್ಟೇ ಕೆಲಸ.

ಹಾಗಾದರೆ ನಾವು ಮರಿ ಮಾಡಿಸಿದ್ದು ಯಾಕೆ? ಈ ಪ್ರಶ್ನೆ ಬನ್ನೇರುಘಟ್ಟದಿಂದ ಬಸ್ಸಿನಲ್ಲಿ ವಾಪಸು ಬರುವಾಗ ನನ್ನನ್ನು ಹಿಡಿದುಕೊಂಡಿತು. ಮೃಗಾಲಯದಲ್ಲಿ ಹುಟ್ಟಿದ ಕರಡಿಯನ್ನು ಕಾಡಿಗೆ ಬಿಡುವುದು ಆಗದ ಮಾತು. ಮನುಷ್ಯರ ವಾಸನೆ ಬಂದರೆ ಓಡಬೇಕಾದ ಪ್ರಾಣಿ ಅದೇ ವಾಸನೆ ಬಂದರೆ ಊಟ ಬಂತೆಂದು ಎದ್ದು ನಿಲ್ಲುತ್ತದೆ. ಅಂಥದನ್ನು ಕೊಪ್ಪಳದ ಕಡೆಯ ಶೇಂಗಾ ಹೊಲದ ಅಂಚಿಗೆ ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲ ಹೊಲದವನು. ಕರಡಿ ನಲವತ್ತರ ಹತ್ತಿರದವರೆಗೂ ಬದುಕಬಲ್ಲದು. ಒಂದು ಜೊತೆ ಮರಿ ಎಂದರೆ ಮುಂದಿನ ಮೂರು-ನಾಲ್ಕು ದಶಕಗಳ ಎರಡು ಕೋಣೆ, ಎರಡು ಬಯಲು, ಎರಡು ತಟ್ಟೆ. ಮುಪ್ಪಿನಲ್ಲಿ ಇವಕ್ಕೆ ಪಿತ್ತಕೋಶ, ಪಿತ್ತನಾಳದ ಕ್ಯಾನ್ಸರ್ ಬರುವುದು ಹೆಚ್ಚು. ಕಾಡಿನಲ್ಲಿ ಯಾವ ಪಿತ್ತಕೋಶಕ್ಕಾಗಿ ಇವನ್ನು ಕೊಲ್ಲುತ್ತಾರೋ ಅದೇ ಅಂಗ ನನ್ನ ಮೇಜಿನ ಮೇಲೆ ಗಡ್ಡೆ ಕಟ್ಟಿಕೊಂಡು ಬರುತ್ತಿತ್ತು. ಅನಾಥ ಮರಿಗಳು ಬರುವುದಂತೂ ನಿಂತಿರಲಿಲ್ಲ. ಹಂದಿಗೆಂದು ಹಾಕಿದ ತಂತಿ ಉರುಳಿಗೆ ತಾಯಿ ಬಿದ್ದರೆ ಮರಿಗಳು ಗೋಣಿಚೀಲದಲ್ಲಿ ನಮ್ಮ ಗೇಟಿಗೆ ಬರುತ್ತಿದ್ದವು. ಜಾಗ ಅವಕ್ಕೆ ಬೇಕಿತ್ತು. ಮುಂದಿನ ವರ್ಷದಿಂದ ಗಂಡನ್ನು ಬೇರೆಯೇ ಇಡೋಣ ಎಂದು ನಾನು ಟಿಪ್ಪಣಿ ಬರೆದಾಗ ಎಲ್ಲರಿಗಿಂತ ಮೊದಲು ಒಪ್ಪಿದವನು ಕೀಪರ್. ಗೂಡು ಇಷ್ಟು ಚೆನ್ನಾಗಿ ಕಟ್ಟಿಸಿಬಿಟ್ಟು ಈಗ ಬೇಡ ಅಂತೀರಲ್ಲ ಎಂದು ಬೇಸರಪಟ್ಟವನು ಆ ಇಂಜಿನಿಯರ್ ಒಬ್ಬನೇ.

ಹಾಗೆಂದು ಮೃಗಾಲಯದಲ್ಲಿ ಸಂತಾನವೇ ಬೇಡ ಎನ್ನುವವನು ನಾನಲ್ಲ. ನಿವೃತ್ತಿಯ ನಂತರ ಮಗಳ ಮನೆಗೆಂದು ಜರ್ಮನಿಗೆ ಹೋದಾಗ ಕ್ರೆಫೆಲ್ಡ್ ಊರಿನ ಮೃಗಾಲಯದ ಮಳೆಕಾಡಿನ ಮನೆಯಲ್ಲಿ ಸ್ಲಾತ್‌ಗಳನ್ನು ನೋಡಿದೆ. ನಮ್ಮ ಕರಡಿಗೂ ಇದಕ್ಕೂ ಒಂದು ಹಳೆಯ ನಂಟಿದೆ. ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ 1791ರಲ್ಲಿ ನಮ್ಮ ಕರಡಿಯ ಉದ್ದ ಉಗುರನ್ನೂ ಇಲ್ಲದ ಹಲ್ಲನ್ನೂ ನೋಡಿ ಅದನ್ನು ದಕ್ಷಿಣ ಅಮೆರಿಕದ 'ಸ್ಲಾತ್' ಗುಂಪಿಗೇ ಸೇರಿಸಿಬಿಟ್ಟಿದ್ದ. ಇಂಗ್ಲಿಷಿನಲ್ಲಿ ಇದು ಇಂದಿಗೂ 'ಸ್ಲಾತ್ ಬೇರ್'. ತಲೆಕೆಳಗಾಗಿ ಕೊಂಬೆಗೆ ಜೋತುಬಿದ್ದ, ಕಣ್ಣು ಮಿಟುಕಿಸಲೂ ಅವಸರವಿಲ್ಲದ ಆ ಜೀವವನ್ನು ನೋಡಿದಾಗ ಶಾನ ಮೇಲೆ ನನಗೆ ಕನಿಕರವೇ ಬಂತು. ಅವನು ನಮ್ಮ ಕರಡಿ ಓಡುವುದನ್ನು ನೋಡಿರಲಿಲ್ಲ.

ಅಲ್ಲಿ ಯಾನ್ ಎಂಬ ಗಂಡು ಸ್ಲಾತ್ ಹೆಸರುವಾಸಿ. 1970ರಲ್ಲಿ ಹ್ಯಾಂಬರ್ಗಿಗೆ ಬಂದು, 1986ರಲ್ಲಿ ಕ್ರೆಫೆಲ್ಡಿಗೆ ಸೇರಿ, ಇಪ್ಪತ್ತಕ್ಕೂ ಹೆಚ್ಚು ಮರಿಗಳ ಅಪ್ಪನಾದವನು, ವಯಸ್ಸಿನ ಲೆಕ್ಕದಲ್ಲಿ ಗಿನ್ನೆಸ್ ದಾಖಲೆಗೆ ಹೋದವನು. ಎರಡು ಬೆರಳಿನ ಸ್ಲಾತ್‌ಗಳು ತರಕಾರಿ, ಸೊಪ್ಪು ತಿಂದುಕೊಂಡು ಹೀಗೆ ದಶಕಗಟ್ಟಲೆ ಮೃಗಾಲಯದಲ್ಲಿ ಬಾಳುತ್ತವೆ. ಮೂರು ಬೆರಳಿನವು ತಮ್ಮ ಕಾಡಿನ ಗೊತ್ತಾದ ಎಲೆಗಳಿಲ್ಲದೆ ಬದುಕುವುದೇ ಕಷ್ಟ. ಅವನ್ನು ಇಟ್ಟು ಗೆದ್ದ ಮೃಗಾಲಯಗಳು ಬೆರಳೆಣಿಕೆಯಷ್ಟು. ಮೈಯ ಬಿಸಿಯನ್ನು ನಮ್ಮಂತೆ ಕಾಯ್ದುಕೊಳ್ಳಲಾರದ ಪ್ರಾಣಿಯಾದ್ದರಿಂದ ಇಡೀ ಮನೆಯನ್ನೇ ಬೆಚ್ಚಗೆ, ತೇವವಾಗಿ ಇಟ್ಟಿದ್ದರು. ಹೊರಗೆ ಹಿಮ, ಒಳಗೆ ನನ್ನ ಕನ್ನಡಕಕ್ಕೆ ಮಂಜು. ಬಸಿರು ಹತ್ತು ತಿಂಗಳ ಆಸುಪಾಸು, ಮರಿ ಒಂದೇ, ತಾಯಿಯ ಹೊಟ್ಟೆಯ ಮೇಲೆ ಅದರ ತೊಟ್ಟಿಲು.

ಗಂಡು-ಹೆಣ್ಣು ಗುರುತಿಸುವುದು ಇವುಗಳಲ್ಲೂ ಪಶುವೈದ್ಯರ ಮಾನ ಕಳೆಯುವ ಕೆಲಸ. ಯುರೋಪಿನ ಮೃಗಾಲಯಗಳಲ್ಲಿರುವ ಈ ಸ್ಲಾತ್‌ಗಳ ವಂಶಾವಳಿಯ ಪುಸ್ತಕ ಇಟ್ಟುಕೊಂಡಿರುವುದು ಹಾಲೆ ಎಂಬ ಊರಿನ ಮೃಗಾಲಯ. ಅಲ್ಲೇ 'ಪೌಲ್' ಎಂದು ಬಹಳ ವರ್ಷ ಕರೆಸಿಕೊಂಡ ಒಂದು ಸ್ಲಾತ್ ಕಡೆಗೆ ಹೆಣ್ಣೆಂದು ತಿಳಿದು 'ಪೌಲಾ' ಆಯಿತು. ಇದನ್ನು ಕೇಳಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಅವರ ಕಡತ ಮಾತ್ರ ಮೆಚ್ಚುವಂಥದು: ಯಾವ ಮರಿ ಯಾರಿಗೆ ಹುಟ್ಟಿತು, ಯಾವ ಊರಿನಲ್ಲಿ ಅದಕ್ಕೆ ಜಾಗವಿದೆ ಎಂಬುದನ್ನು ಮೊದಲು ನೋಡಿ ಆಮೇಲೆ ಜೋಡಿ ಮಾಡುತ್ತಾರೆ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ಎಷ್ಟು ಅಂಕಣ ಎಂದು ಕೇಳುವವರು ನಾವೂ. ಕರಡಿಯ ವಿಷಯದಲ್ಲಿ ಮಾತ್ರ ಕೇಳದೆ ಬಹಳ ಕಾಲ ಕಳೆದೆವು.

ಕಳೆದ ವರ್ಷ ಅಣ್ಣನ ಮೊಮ್ಮಗನನ್ನು ಕರೆದುಕೊಂಡು ದರೋಜಿಗೆ ಹೋಗಿದ್ದೆ. ಗದಗಿನಿಂದ ರೈಲಿಗೆ ಹೊಸಪೇಟೆ, ಅಲ್ಲಿಂದ ಗಾಡಿ. 1994ರಲ್ಲಿ ಬಿಳಿಕಲ್ಲು ಕಾಡಿನ ಐದೂವರೆ ಸಾವಿರ ಹೆಕ್ಟೇರಿಗೂ ಮಿಕ್ಕ ಜಾಗವನ್ನು ಕರಡಿಗಳಿಗೆಂದೇ ಧಾಮ ಮಾಡಿದರು. ಹೊಸಪೇಟೆಯ ಸಮದ್ ಕೊಟ್ಟೂರು ಅವರಂಥವರು ಇಲ್ಲಿಯ ಕರಡಿಗಳ ಬೆನ್ನು ಬಿದ್ದು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಕುರುಚಲು ಕಾಡು, ಒಂದರ ಮೇಲೊಂದು ಪೇರಿಸಿದ ಬಂಡೆ, ಕವಳಿ, ಬಾರಿ, ಕಕ್ಕೆ, ಸೀತಾಫಲ. ಮಧ್ಯಾಹ್ನದ ಹೊತ್ತಿಗೆ ಇಲಾಖೆಯವರು ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ. ಎದುರಿನ ಗೋಪುರದಲ್ಲಿ ಕೂತು ಕಾಯಬೇಕು. ಕಾಡಿನ ಪ್ರಾಣಿಗೆ ಬೆಲ್ಲ ತಿನ್ನಿಸಿ ಜನಕ್ಕೆ ತೋರಿಸುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ತೋರಿಸದಿದ್ದರೆ ಆ ಬಂಡೆಗಳು ಇಷ್ಟು ಹೊತ್ತಿಗೆ ಕ್ರಷರಿಗೆ ಹೋಗುತ್ತಿದ್ದವು ಎಂಬ ವಾದಕ್ಕೆ ನನ್ನಲ್ಲಿ ಉತ್ತರವೂ ಇಲ್ಲ.

ನಾಲ್ಕೂವರೆ ಹೊತ್ತಿಗೆ ಒಂದು ತಾಯಿ ಬಂತು, ಬೆನ್ನ ಮೇಲೆ ಎರಡು. ಹುಡುಗ ದುರ್ಬೀನು ನನಗೆ ಕೊಡಲೇ ಇಲ್ಲ.

"ಅಜ್ಜಾ, ಇವಕ್ಕ ಮರಿ ಹಾಕೂ ಮುಂದ ಡಾಕ್ಟರ್ ಯಾರ್ ಬರ್ತಾರ?"

"ಯಾರೂ ಬರಂಗಿಲ್ಲಪಾ."

"ಮತ್ತ ಯಾರ್ ನೋಡ್ಕೋತಾರ?"

"ಅದ ನೋಡ್ಕೋತದ."

ಸ್ವಲ್ಪ ಹೊತ್ತು ದುರ್ಬೀನಿನಲ್ಲೇ ಇದ್ದ. "ಹಂಗಾರ ಅಲ್ಲೆ ನೀ ಏನ್ ಮಾಡ್ತಿದ್ದಿ?"

ಬಾಗಿಲು ಕಾಯುತ್ತಿದ್ದೆ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ಕೆಳಗಿನಿಂದ ಗಾರ್ಡ್, ಆರು ಗಂಟೆಯಾಯಿತು, ಕತ್ತಲಾದ ಮೇಲೆ ಗೇಟು ತೆರೆಯುವುದಿಲ್ಲ, ಬೇಗ ಇಳೀರಿ ಎಂದು ಕೂಗಿದ. ಹುಡುಗನಿಗೆ ಹಸಿವೆಯಾಗಿತ್ತು. ಕಮಲಾಪುರದಲ್ಲಿ ಮಿರ್ಚಿ-ಮಂಡಕ್ಕಿ ತಿಂದು ರಾತ್ರಿಯ ರೈಲಿಗೆ ಗದಗಿಗೆ ಹೊರಟೆವು.